ನಾನಾ? ಯಾರಿಗೆ?

"ಅಮ್ಮ ಹೊಡೀತಾರಾ ಮೇಡಂ?"

ಮಂಗಳವಾರ ಆಸ್ಪತ್ರೆಯಲ್ಲಿ, ಔಷಧ ಪರೀಕ್ಷೆಯ ಫಾರಂ ತುಂಬಿಸಿಕೊಳ್ಳುತ್ತಿದ್ದ ಹುಡುಗಿ ಹೀಗೆ ಕೇಳಿದಾಗ, ಮರೆವಿನ ಕಾಯಿಲೆಯ ಅಮ್ಮ ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದಳು. ಮಡಿಲಲ್ಲಿ ಹಳೇ ಬ್ಯಾಗು. ಅದರ ಜಿಪ್ಪು ತೆಗೆಯೋದು, ಮುಚ್ಚೋದು, ಮತ್ತೆ ತೆಗೆಯೋದು. ನಾನು ಬಾಯಿ ಬಿಡೋಕೆ ಮುಂಚೆ ಅವಳೇ ನನ್ನ ಕಡೆ ತಿರುಗಿ, "ನಾನಾ? ಯಾರಿಗೆ?" ಅಂದಳು.

ಜಗಳದ ದನಿಯಲ್ಲ. ಅವಳಿಗೆ ನಿಜವಾಗಿಯೂ ಗೊತ್ತಾಗಬೇಕಿತ್ತು.

ನಾನು ತಲೆ ತಗ್ಗಿಸಿಕೊಂಡು, "ನಾಲ್ಕು ಹಾಕಿಕೊಳ್ಳಿ" ಅಂದೆ. ನಾಲ್ಕು ಅಂದರೆ ವಾರದಲ್ಲಿ ಹಲವು ಸಲ. ಒಂದು ಅಂದರೆ ಇಲ್ಲವೇ ಇಲ್ಲ, ಏಳು ಅಂದರೆ ಗಂಟೆಗೆ ಹಲವು ಸಲ. ಇಂಥ 29 ನಡವಳಿಕೆಗಳ ಪಟ್ಟಿ ಅದು. ಹೊಡೆಯೋದು, ಕಚ್ಚೋದು, ಉಗಿಯೋದು, ಬೈಯೋದು, ಕೇಳಿದ್ದನ್ನೇ ಕೇಳೋದು, ಸಾಮಾನು ಬಚ್ಚಿಡೋದು. ಕಳೆದ ಎರಡು ವಾರದಲ್ಲಿ ಎಷ್ಟೆಷ್ಟು ಸಲ ಅಂತ ಮನೆಯವರು ಹೇಳಬೇಕು. ಕೂಡಿದರೆ ಒಂದು ಅಂಕ ಬರುತ್ತದೆ. ಮಾತ್ರೆ ಕೆಲಸ ಮಾಡಿತೋ ಇಲ್ಲವೋ ಅಂತ ನೋಡೋದು ಆ ಅಂಕ ಇಳಿದಿದೆಯಾ ಅಂತಲೇ.

ಮಾತ್ರೆ ಅಂದೆನಲ್ಲ, ಅದು ಇನ್ನೂ ಮಾರುಕಟ್ಟೆಗೆ ಬಂದಿಲ್ಲ. ಮರೆವಿನ ಕಾಯಿಲೆ ಇರುವವರ ಸಿಟ್ಟು, ಚಡಪಡಿಕೆ ಕಡಿಮೆ ಮಾಡುತ್ತದಾ ಅಂತ ಪರೀಕ್ಷೆ ಮಾಡುತ್ತಿದ್ದಾರೆ. ಕೆಲವರಿಗೆ ಅಸಲಿ ಮಾತ್ರೆ, ಕೆಲವರಿಗೆ ಔಷಧವೇ ಇಲ್ಲದ ಸುಮ್ನೆ ಮಾತ್ರೆ. ಯಾರಿಗೆ ಯಾವುದು ಅಂತ ನಮಗೂ ಗೊತ್ತಿರಲ್ಲ, ಡಾಕ್ಟರಿಗೂ ಗೊತ್ತಿರಲ್ಲ. ಅಮ್ಮ ಸ್ವತಃ ಒಪ್ಪಿಗೆ ಕೊಡುವ ಸ್ಥಿತಿಯಲ್ಲಿಲ್ಲ, ಹಾಗಾಗಿ ಸಹಿ ನನ್ನದು. ಅದನ್ನು ವಿಡಿಯೊ ಬೇರೆ ಮಾಡುತ್ತಾರೆ. ಕ್ಯಾಮೆರಾ ಮುಂದೆ ಅಮ್ಮ ತುಂಬಾ ಮರ್ಯಾದೆಯಿಂದ ಕೂತಿದ್ದಳು, ಸೆರಗು ಸರಿ ಮಾಡಿಕೊಂಡು. ಆಗ ಯಾರಾದರೂ ನೋಡಿದ್ದರೆ ಹುಚ್ಚು ಯಾರಿಗೆ ಅಂತ ಅನುಮಾನ ಬಂದು ನನ್ನನ್ನೇ ನೋಡುತ್ತಿದ್ದರು.

ಅಣ್ಣನಿಗೆ ಇದು ಇಷ್ಟವಿರಲಿಲ್ಲ. ನ್ಯೂಜೆರ್ಸಿಯಲ್ಲಿ ಕೂತು "ಅಮ್ಮನ್ನ ಗಿನಿಪಿಗ್ ಮಾಡ್ತೀಯಾ?" ಅಂತ ಕೇಳಿದ. ಅವನ ಬಗ್ಗೆ ನನಗೆ ಸಿಟ್ಟಿಲ್ಲ, ಆದರೆ ಅಮ್ಮ ಕಿರುಚುವಾಗ ಫೋನ್ ಮ್ಯೂಟ್ ಮಾಡೋದು ಅವನಿಗೆ ಸಾಧ್ಯ, ನನಗಲ್ಲ. ಈಗ ಕೊಡುತ್ತಿರುವ ಮಾತ್ರೆಗಳ ಕಥೆಯೂ ಅಷ್ಟಕ್ಕಷ್ಟೇ ಅಂತ ಅವನಿಗೆ ಹೇಳಿದೆ. ಹೋದ ವರ್ಷ ಒಬ್ಬ ಡಾಕ್ಟರು ಕ್ವಿಟಯಪಿನ್ ಅನ್ನೋ ಮಾತ್ರೆ ಬರೆದುಕೊಟ್ಟಿದ್ದರು. ಎರಡು ದಿನ ಅಮ್ಮ ತೂಕಡಿಸಿಕೊಂಡೇ ಇದ್ದಳು, ಮೂರನೇ ದಿನ ಬಚ್ಚಲಲ್ಲಿ ಬಿದ್ದಳು. ಆಮೇಲೆ ರಾತ್ರಿಯೆಲ್ಲ ಕೂತು ಓದಿದೆ. ಇವೆಲ್ಲ ಬೇರೆ ಮಾನಸಿಕ ಕಾಯಿಲೆಗಳಿಗೆ ಅಂತ ಬಂದ ಔಷಧಗಳು. 2005ರಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 17 ಪರೀಕ್ಷೆಗಳ ಲೆಕ್ಕ ತೆಗೆದು ಎಚ್ಚರಿಕೆ ಕೊಟ್ಟಿತ್ತು. ಸುಮಾರು ಹತ್ತು ವಾರದಲ್ಲಿ ಇಂಥ ಮಾತ್ರೆ ತೆಗೆದುಕೊಂಡ ಮರೆವಿನ ರೋಗಿಗಳಲ್ಲಿ ಶೇ 4.5ರಷ್ಟು ಜನ ಸತ್ತಿದ್ದರು, ಸುಮ್ನೆ ಮಾತ್ರೆಯವರಲ್ಲಿ ಶೇ 2.6. ಮರುವರ್ಷ 421 ಜನರ ಮೇಲೆ ಮಾಡಿದ ದೊಡ್ಡ ಪರೀಕ್ಷೆಯಲ್ಲಿ, ಕೆಲವರಿಗೆ ಸ್ವಲ್ಪ ಉಪಯೋಗ ಆದರೂ ಅಡ್ಡ ಪರಿಣಾಮಗಳು ಅದನ್ನು ತಿಂದುಹಾಕಿದವು. ಈ ಚಡಪಡಿಕೆಗೇ ಅಂತ ಅಮೆರಿಕದಲ್ಲಿ ಮೊದಲ ಔಷಧಕ್ಕೆ ಒಪ್ಪಿಗೆ ಸಿಕ್ಕಿದ್ದು 2023ರಲ್ಲಿ. ಅದರ ಮೇಲೂ ಅದೇ ಸಾವಿನ ಎಚ್ಚರಿಕೆ ಇದೆ. ಅಂದಮೇಲೆ ಯಾರಾದರೂ ಹೊಸದನ್ನು ಹುಡುಕಲೇಬೇಕಲ್ವಾ? ಹುಡುಕಬೇಕು ಅಂದರೆ ಯಾರದೋ ಅಮ್ಮ ಆ ಕುರ್ಚಿಯಲ್ಲಿ ಕೂರಲೇಬೇಕು. ಅಣ್ಣ "ಯಾರದೋ ಅಮ್ಮ ಕೂರಲಿ, ನಮ್ಮಮ್ಮ ಯಾಕೆ?" ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಆದರೆ ತಲೆಯಲ್ಲಿ ಸುತ್ತುತ್ತಿರೋದು ಅಣ್ಣನ ಪ್ರಶ್ನೆಯಲ್ಲ. ಅಮ್ಮನದು. ನಾನಾ? ಯಾರಿಗೆ?

ಯಾರಿಗೆ ಅಂತ ಹೇಳುತ್ತೇನೆ. ಅಮ್ಮ ಜಾಲಹಳ್ಳಿಯ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿದ್ದವಳು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಶುರುವಾದ ಫ್ಯಾಕ್ಟರಿ ಅದು. ಅಮ್ಮ ಸೇರುವ ಹೊತ್ತಿಗೆ ಅಲ್ಲಿ ಸಾಲಾಗಿ ಹೆಂಗಸರು ಕೂತು ಕಣ್ಣಿಗೆ ಲೆನ್ಸ್ ಇಟ್ಟುಕೊಂಡು ಚಿಮಟದಲ್ಲಿ ಸಾಸಿವೆಗಿಂತ ಸಣ್ಣ ಸ್ಕ್ರೂ ಹಿಡಿಯುತ್ತಿದ್ದರು. ಅಮ್ಮ ಕೊನೆಗೆ ಇನ್‌ಸ್ಪೆಕ್ಷನ್‌ಗೆ ಬಂದಳು. ವಾಚನ್ನು ಮಲಗಿಸಿ, ನಿಲ್ಲಿಸಿ, ಮಗುಚಿ ಹಾಕಿ ಟೈಮ್ ನೋಡೋದು. ಸಂಜೆ ಫ್ಯಾಕ್ಟರಿ ಬಸ್ಸಿನಲ್ಲಿ ಮತ್ತಿಕೆರೆಗೆ ಬರೋದು. ಅಷ್ಟರಲ್ಲಿ ನಾನು ಸ್ಕೂಲಿಂದ ಬಂದು ಹೊಸಿಲ ಮೇಲೆ ಕೂತಿರುತ್ತಿದ್ದೆ. ಬೀಗದ ಕೈ ಅಮ್ಮನ ಬ್ಯಾಗಿನಲ್ಲಿರುತ್ತಿತ್ತು.

ಈಗ ದಿನಾ ಸಂಜೆ ಐದೂವರೆಗೆ ಅಮ್ಮ ಬ್ಯಾಗು ಹಿಡಿದು ಗೇಟಿಗೆ ಬರುತ್ತಾಳೆ. "ಬಿಡೇ, ಬಸ್ ಹೊರಡತ್ತೆ. ಮಗು ಹೊರಗೆ ಕೂತಿರತ್ತೆ" ಅನ್ನುತ್ತಾಳೆ. ಅಡ್ಡ ನಿಂತು ಕೈ ಹಿಡಿದುಕೊಳ್ಳೋಳು ನಾನು. ಹೊಡೆತ ಬೀಳೋದು ಆಗಲೇ. ನನ್ನ ಹತ್ತಿರ ಬರೋಕೆ ನನ್ನನ್ನೇ ಹೊಡೆಯುತ್ತಾಳೆ.

ಆ ಪಟ್ಟಿಯಲ್ಲಿ "ಬೇರೆ ಜಾಗಕ್ಕೆ ಹೋಗಲು ನೋಡುವುದು" ಅಂತಲೂ ಒಂದಿದೆ. ಎಷ್ಟು ಸಲ ಅಂತ ಕೇಳುತ್ತದೆ. ಎಲ್ಲಿಗೆ ಅಂತ ಕೇಳೋದಿಲ್ಲ. ಆ ಹುಡುಗಿಯ ತಪ್ಪು ಅಂತ ನಾನು ಹೇಳುತ್ತಿಲ್ಲ, ಪಾಪ, ಅವಳು ಒಳ್ಳೆಯವಳು, ಅಮ್ಮನಿಗೆ ನೀರು ತಂದುಕೊಟ್ಟಳು. ಸಾವಿರ ಜನರ ಸಾವಿರ ಕಥೆ ಕೇಳಿಕೊಂಡು ಕೂತರೆ ಮಾತ್ರೆ ಯಾವ ಕಾಲಕ್ಕೆ ಬರಬೇಕು? ಅಂಕ ಬೇಕು, ಸರಿ. ಆದರೂ ನಾನು "ನಾಲ್ಕು" ಅಂದಾಗ ಅಮ್ಮನ ಬಗ್ಗೆ ಹೇಳಿದೆನೋ ನನ್ನ ಸುಸ್ತಿನ ಬಗ್ಗೆ ಹೇಳಿದೆನೋ ಗೊತ್ತಿಲ್ಲ. ಹಿಂದಿನ ರಾತ್ರಿ ನಿದ್ದೆ ಆಗಿದ್ದಿದ್ದರೆ ಮೂರು ಅನ್ನುತ್ತಿದ್ದೆನೇನೋ.

ಹಾಗೆ ನೋಡಿದರೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗಮನಿಸೋಳು ರತ್ನಕ್ಕ. ಹಗಲು ಹೊತ್ತು ಅಮ್ಮನನ್ನು ನೋಡಿಕೊಳ್ಳೋಕೆ ಬರುತ್ತಾಳೆ. "ಮಂಡಿ ಊದಿದ ದಿನ ಅಜ್ಜಿ ಕೋಪ ಜಾಸ್ತಿ ಕಣಕ್ಕ" ಅಂತ ತಿಂಗಳುಗಟ್ಟಲೆ ಹೇಳಿದ್ದಳು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಆಮೇಲೆ ನೋಡಿದರೆ 2011ರಲ್ಲಿ ನಾರ್ವೆಯಲ್ಲಿ ಇದನ್ನೇ ಪರೀಕ್ಷೆ ಮಾಡಿದ್ದಾರೆ. ವೃದ್ಧಾಶ್ರಮಗಳಲ್ಲಿದ್ದ 352 ಜನ. ಅರ್ಧ ಕಡೆ ಮೊದಲಿದ್ದ ಹಾಗೇ ನೋಡಿಕೊಂಡರು, ಇನ್ನರ್ಧ ಕಡೆ ಎಂಟು ವಾರ ನೋವಿಗೆ ಕ್ರಮವಾಗಿ ಔಷಧ ಕೊಟ್ಟರು. ಹೆಚ್ಚಿನವರಿಗೆ ಬರೀ ಪ್ಯಾರಸಿಟಮಾಲ್. ಚಡಪಡಿಕೆ ಶೇ 17ರಷ್ಟು ಇಳಿಯಿತು. ನೋವು ಅಂತ ಹೇಳೋಕೆ ಬಾರದವರು ಕೈ ಬೀಸುತ್ತಾರೆ, ಅಷ್ಟೇ. ರತ್ನಕ್ಕನಿಗೆ ಹೇಳಿದೆ. "ಅದಕ್ಕೆ ನಾರ್ವೆಗ್ಯಾಕೆ ಹೋಗ್ಬೇಕಿತ್ತು?" ಅಂದಳು.

ಗುರುವಾರ ಫೋನ್ ಬಂತು. ಅಮ್ಮನನ್ನು ಪರೀಕ್ಷೆಗೆ ತೆಗೆದುಕೊಳ್ಳಲ್ಲವಂತೆ. ಇಸಿಜಿಯಲ್ಲಿ ಕ್ಯೂಟಿ ಅನ್ನೋ ಅಳತೆ ಜಾಸ್ತಿ ಬಂದಿದೆಯಂತೆ. ಅದು ತೀರಾ ಜಾಸ್ತಿಯಾದರೆ ಹೃದಯದ ಬಡಿತ ತಾಳ ತಪ್ಪಬಹುದು, ಸಣ್ಣ ವಿಷಯವಲ್ಲ ಅಂತ ಗೊತ್ತು. 2014ರಲ್ಲಿ ಸಿಟಲೊಪ್ರಾಮ್ ಅನ್ನೋ ಖಿನ್ನತೆಯ ಮಾತ್ರೆಯನ್ನು 186 ಜನರ ಮೇಲೆ ಪರೀಕ್ಷೆ ಮಾಡಿದಾಗ ಚಡಪಡಿಕೆ ಇಳಿದಿತ್ತು, ಆದರೆ ಇದೇ ಕ್ಯೂಟಿ ಏರಿತ್ತು. ಅಂದರೆ ಅವರು ಅಮ್ಮನ ಹೃದಯ ನೋಡಿಯೇ ಬೇಡ ಅಂದಿದ್ದು, ಅದಕ್ಕೆ ಋಣಿಯಾಗಿರಬೇಕು. "ಸ್ಕ್ರೀನ್ ಫೇಲ್ಯೂರ್ ಆಗಿದೆ ಮೇಡಂ, ಸಾರಿ" ಅಂದಳು ಹುಡುಗಿ. ಅಂದರೆ ಸೇರಿಸಿಕೊಳ್ಳೋಕೆ ಮುಂಚಿನ ತಪಾಸಣೆಯಲ್ಲೇ ಫೇಲು. ನನಗೆ ನಿರಾಳ ಆಯಿತು, ಅದರ ಹಿಂದೆಯೇ ಅಳು ಬಂತು. ಸೇರಿಸಿಕೊಂಡಿದ್ದರೆ ಹನ್ನೆರಡು ವಾರ ಯಾರೋ ತಪ್ಪದೆ ಫೋನ್ ಮಾಡಿ "ಈ ವಾರ ಹೇಗಿದ್ದಾರೆ?" ಅಂತ ಕೇಳುತ್ತಿದ್ದರಲ್ಲ, ನಾನು ಕಾಯುತ್ತಿದ್ದದ್ದು ಅದಕ್ಕೇ ಅನ್ನಿಸುತ್ತದೆ. ಅಣ್ಣ "ಒಳ್ಳೇದೇ ಆಯ್ತು" ಅಂತ ಒಂದು ಮೆಸೇಜ್ ಹಾಕಿದ.

ನಿನ್ನೆ ಐದೂವರೆಗೆ ಅಮ್ಮ ಎದ್ದಳು. ಬ್ಯಾಗು, ಚಪ್ಪಲಿ, ಗೇಟು. ನಾನು ಅಡ್ಡ ನಿಲ್ಲದೆ ಚಿಲಕ ತೆಗೆದು ಜೊತೆಗೇ ಹೊರಟೆ. ರಸ್ತೆ ತುದಿಯ ಬೇಕರಿವರೆಗೆ ಹೋಗಿ ನಿಂತೆವು. ಬಸ್ಸು ಎಲ್ಲಿ ಬರುತ್ತದೆ, ಯಾವುದೋ ಕಂಪನಿಯ ಟೆಂಪೊ ಟ್ರಾವೆಲರ್ ಹೋಯಿತು, ಅಮ್ಮ ಕೈ ಅಡ್ಡ ಹಾಕಿದಳು, ಅವನು ಹಾರ್ನ್ ಹೊಡೆದುಕೊಂಡು ಹೋದ. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಟೈಮ್ ಎಷ್ಟು ಅಂತ ನನ್ನ ಕೈ ಹಿಡಿದಳು. ನನ್ನದು ಸ್ಮಾರ್ಟ್‌ವಾಚ್. ತಿರುಗಿಸಿ ನೋಡಿದಳು, ಎತ್ತಿ ಕಿವಿಗೆ ಇಟ್ಟುಕೊಂಡಳು, ಕಣ್ಣು ಮುಚ್ಚಿ ಕೇಳಿದಳು.

"ಓಡ್ತಿಲ್ಲ ಇದು" ಅಂದಳು. "ರಿಜೆಕ್ಟ್‌ಗೆ ಹಾಕು."