ಮೂವತ್ತು ದಿನಕ್ಕೊಮ್ಮೆ ಎಂದು ಬರೆದ ಟೈಮರ್

ಮಾರ್ಚ್ ಬಂದರೂ ಗಿಡ ಹೂ ಬಿಡಲು ಬೇಕಾದ ಹೂ ಮಳೆ ಬೀಳದಿದ್ದರೆ ರೋಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಲೇಬೇಕು. ಮೂಡಿಗೆರೆ ಪಕ್ಕದ ನಮ್ಮ ತೋಟದಲ್ಲಿ ಆಗ ಎಲ್ಲರ ಕಣ್ಣೂ ಕೆರೆಯ ಮೇಲೆ. ನೀರು ಪೈಪಿನ ಕೆಳತುದಿಯ ಫುಟ್‌ವಾಲ್ವ್‌ಗಿಂತ ಕೆಳಗಿಳಿದರೆ ಪಂಪು ಬರೀ ಗಾಳಿ ಎಳೆಯುತ್ತದೆ, ಸೀಲು ಹೋಗುತ್ತದೆ. ಅದಕ್ಕೇ ಕೆರೆ ದಡದಲ್ಲಿ ಒಂದು ಸೆನ್ಸರ್ ಇಟ್ಟೆ. ಮನೆಯಲ್ಲಿರುವ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 10 ಸೆಕೆಂಡಿಗೊಮ್ಮೆ ಅದರಿಂದ ನೀರಿನ ಮಟ್ಟ ಕೇಳಬೇಕು, ಕಡಿಮೆಯಾದರೆ ಮೋಟರ್ ನಿಲ್ಲಿಸಬೇಕು. ಪ್ರೋಗ್ರಾಂ ಅನ್ನು ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೆಎಸ್‌ನಲ್ಲಿ ಬರೆದೆ. ಸೆಟ್‌ಇಂಟರ್ವಲ್, ಅಂದರೆ ಹೇಳಿದ ಅಂತರಕ್ಕೊಮ್ಮೆ ಒಂದು ಕೆಲಸವನ್ನು ಮತ್ತೆ ಮತ್ತೆ ಕರೆಯುವ ಟೈಮರ್. ಒಂದೇ ಸಾಲು.

ಒಂದು ಸಂಜೆ ಲಾಗ್ ನೋಡುತ್ತಿದ್ದೆ. 92 ಸೆಂಟಿಮೀಟರ್, ಕೆಳಗಿನ ಸಾಲಿನಲ್ಲಿ 95, ಮತ್ತೆ 91. ಪಂಪು ಓಡುತ್ತಿರುವಾಗ ಕೆರೆ ತುಂಬುವುದು ಹೇಗೆ?

ಸೆಟ್‌ಇಂಟರ್ವಲ್‌ಗೆ ಹಿಂದಿನ ಕೆಲಸ ಮುಗಿಯಿತಾ ಇಲ್ಲವಾ ಎಂಬುದು ಬೇಕಿಲ್ಲ. ಒಳಗಿನ ಫಂಕ್ಷನ್ ಅಸಿಂಕ್ (ಉತ್ತರ ಬರುವವರೆಗೆ ಬೇರೆ ಕೆಲಸಕ್ಕೆ ದಾರಿ ಬಿಡುವಂಥದ್ದು) ಆಗಿದ್ದು ಉತ್ತರಕ್ಕೆ ಕಾಯುತ್ತಿದ್ದರೂ ಅದು ಹೊತ್ತಿಗೆ ಸರಿಯಾಗಿ ಮತ್ತೆ ಕರೆಯುತ್ತದೆ. ನಮ್ಮಲ್ಲಿ ಸಿಗ್ನಲ್ ಇಳಿದಾಗ ಒಂದು ಉತ್ತರಕ್ಕೆ 40 ಸೆಕೆಂಡ್. ಅಷ್ಟರಲ್ಲಿ ಇನ್ನೂ ಮೂರು ಪ್ರಶ್ನೆ ಹೋಗಿರುತ್ತವೆ. ಹಳೇ ಉತ್ತರ ಹೊಸದಕ್ಕಿಂತ ತಡವಾಗಿ ಬಂದು, ಅದನ್ನೇ ನಂಬಿ ಮೋಟರ್ ಓಡಿತು ಅಂದರೆ ಕಷ್ಟ ಅಲ್ವಾ?

ಈಗ ಸೆಟ್‌ಟೈಮ್‌ಔಟ್ ಬಳಸುತ್ತೇನೆ, ಅದು ಒಂದೇ ಸಲ ಕರೆಯುವ ಟೈಮರ್. ಉತ್ತರ ಬಂದ ಮೇಲೆ ಮುಂದಿನ 10 ಸೆಕೆಂಡ್ ಶುರು. ಆ ಕರೆಯನ್ನು ಫೈನಲಿ (ಎರರ್ ಬಂದರೂ ಬಾರದಿದ್ದರೂ ಓಡುವ ಭಾಗ) ಒಳಗೇ ಇಡಬೇಕು. ಇಲ್ಲದಿದ್ದರೆ ಒಂದು ಸಲ ಎರರ್ ಬಂದರೆ ಸರಪಳಿ ಅಲ್ಲೇ ಕಡಿಯುತ್ತದೆ, ಮತ್ತೆ ಯಾರೂ ಕೆರೆ ನೋಡುವುದಿಲ್ಲ. ಸೆನ್ಸರ್ ಉತ್ತರವನ್ನೇ ಕೊಡದಿದ್ದರೆ ಕಾಯುವುದಕ್ಕೂ ಒಂದು ಮಿತಿ ಬೇಕು. ನಾನು 8 ಸೆಕೆಂಡ್ ಇಟ್ಟಿದ್ದೇನೆ. ಅಂತರ ಸ್ವಲ್ಪ ಹಿಗ್ಗುತ್ತದೆ, ಕೆರೆಗೆ ಪರವಾಗಿಲ್ಲ. ಬೆಳಿಗ್ಗೆ 8:30ಕ್ಕೆ ಎಷ್ಟು ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಮಳೆ ಎಂದು ಬರೆದಿಡುವ ಕೆಲಸಕ್ಕೆ ಇದು ಆಗದು. ಅದಕ್ಕೆ ಪ್ರತಿ ಸಲ ಗಡಿಯಾರ ನೋಡಿ ಉಳಿದ ಹೊತ್ತನ್ನು ಲೆಕ್ಕ ಹಾಕಬೇಕು.

ಆಮೇಲೆ, ಪಂಪಿಗೆ ಗ್ರೀಸ್ ಹಾಕಲು 30 ದಿನಕ್ಕೊಮ್ಮೆ ಅಪ್ಪನ ಫೋನಿಗೆ ಮೆಸೇಜ್ ಹೋಗಲಿ ಎಂದು ಇನ್ನೊಂದು ಇಂಟರ್ವಲ್ ಸೇರಿಸಿದೆ. ಪ್ರೋಗ್ರಾಂ ಶುರು ಮಾಡಿ ಕಾಫಿ ಕುಡಿಯಲು ಎದ್ದೆ. ಅಡುಗೆಮನೆಗೆ ಹೋಗುವಷ್ಟರಲ್ಲಿ ಜಗಲಿಯಿಂದ ಅಪ್ಪ ಕೂಗಿದರು, "ಇದೇನ್ ಮಗಾ, ಫೋನ್ ಬಾಯಿ ಮುಚ್ತಾನೇ ಇಲ್ಲ?"

30 ದಿನ ಎಂದರೆ 259 ಕೋಟಿ 20 ಲಕ್ಷ ಮಿಲಿಸೆಕೆಂಡ್. ನೋಡ್‌ನ ಟೈಮರ್‌ಗೆ ಹಿಡಿಸುವುದು 2147483647 ಮಾತ್ರ, ಅಂದರೆ 24 ದಿನ 20 ಗಂಟೆ 31 ನಿಮಿಷ. ಅದನ್ನು ದಾಟಿದರೆ ಅಂತರ 1 ಮಿಲಿಸೆಕೆಂಡ್ ಆಗಿಬಿಡುತ್ತದೆ. ಒಂದು ಎಚ್ಚರಿಕೆ ಸಾಲು ಬರುತ್ತದೆ, ಆದರೆ ಪ್ರೋಗ್ರಾಂ ನಿಲ್ಲುವುದಿಲ್ಲ.

20 ದಿನ ಎಂದು ಬದಲಿಸಬಹುದಿತ್ತು. ಆದರೆ ಟೈಮರ್ ಇರುವುದು ಮೆಮೊರಿಯಲ್ಲಿ. ನಮ್ಮಲ್ಲಿ ಕರೆಂಟ್ ಹೋಗಿ ಬಂದಾಗೆಲ್ಲ ಪೈ ಮತ್ತೆ ಶುರುವಾಗುತ್ತದೆ, ಎಣಿಕೆಯೂ ಸೊನ್ನೆಯಿಂದ ಶುರು. ಮಳೆಗಾಲದಲ್ಲಿ ಆ 20 ದಿನ ತುಂಬುವುದೇ ಇಲ್ಲ. ಹಾಗಾಗಿ ಕೊನೆಯ ಸಲ ಗ್ರೀಸ್ ಹಾಕಿದ ತಾರೀಕನ್ನು ಫೈಲ್‌ನಲ್ಲಿ ಬರೆದಿಟ್ಟೆ. ಈಗ ಟೈಮರ್ ಗಂಟೆಗೊಮ್ಮೆ ಆ ಫೈಲ್ ತೆಗೆದು, 30 ದಿನ ದಾಟಿದೆಯಾ ಎಂದು ನೋಡುತ್ತದೆ.