ಒಳಹರಿವು ಹೆಚ್ಚಾದರೆ ಹೃದಯ ಏನು ಮಾಡುತ್ತದೆ?

ಮಳೆಗಾಲ ಬಂತೆಂದರೆ ಕಂಪ್ಲಿ, ಗಂಗಾವತಿ, ಸಿಂಧನೂರಿನ ಕಡೆ ಪೇಪರ್ ಹಿಡಿದವರು ಮೊದಲು ಹುಡುಕುವುದು ತುಂಗಭದ್ರಾ ಡ್ಯಾಮಿನ ಒಳಹರಿವು, ಹೊರಹರಿವಿನ ಲೆಕ್ಕ. ಮೇಲಿನಿಂದ ಎಷ್ಟು ಕ್ಯುಸೆಕ್ ಬರುತ್ತಿದೆ ಎಂದು ನೋಡಿ, 33 ಗೇಟುಗಳಲ್ಲಿ ಎಷ್ಟನ್ನು ಎತ್ತಬೇಕೆಂದು ಇಂಜಿನಿಯರುಗಳು ತೀರ್ಮಾನಿಸುತ್ತಾರೆ. ಹೃದಯದಲ್ಲಿ ಗೇಟು ಎತ್ತುವವರು ಬೇರೆ ಯಾರೂ ಇಲ್ಲ. ಬಂದ ರಕ್ತವನ್ನು ಅಳೆಯುವುದೂ ಅಷ್ಟನ್ನೇ ಹೊರಗೆ ತಳ್ಳುವುದೂ ಅದೇ ಸ್ನಾಯು.

ಈ ಲೆಕ್ಕ ಎಷ್ಟು ಕಟ್ಟುನಿಟ್ಟು ನೋಡಿ. ಹೃದಯದ ಬಲಭಾಗ ಶ್ವಾಸಕೋಶಕ್ಕೆ ರಕ್ತ ಕಳಿಸುತ್ತದೆ, ಎಡಭಾಗ ಅದನ್ನು ತೆಗೆದುಕೊಂಡು ಮೈಗೆಲ್ಲ ಕಳಿಸುತ್ತದೆ. ಬಲಭಾಗ ಒಂದು ಬಡಿತಕ್ಕೆ 71 ಮಿ.ಲೀ. ತಳ್ಳಿ, ಎಡಭಾಗ 70 ಮಿ.ಲೀ. ಮಾತ್ರ ತಳ್ಳಿತು ಎಂದುಕೊಳ್ಳಿ. ನಿಮಿಷಕ್ಕೆ 70 ಬಡಿತದಂತೆ 70 ಮಿ.ಲೀ., ಗಂಟೆಗೆ 4.2 ಲೀಟರ್ ರಕ್ತ ಶ್ವಾಸಕೋಶದಲ್ಲಿ ನಿಂತುಬಿಡಬೇಕು. ಮೈಯಲ್ಲಿರುವ ರಕ್ತವೇ ಸುಮಾರು 5 ಲೀಟರ್! ಹಾಗಾಗುವುದಿಲ್ಲ, ಏಕೆಂದರೆ ಹೆಚ್ಚು ರಕ್ತ ಬಂದು ಎಡ ಹೃತ್ಕುಕ್ಷಿ (ರಕ್ತವನ್ನು ಹೊರಗೆ ತಳ್ಳುವ ಎಡಭಾಗದ ಕೋಣೆ) ಸ್ವಲ್ಪ ಹೆಚ್ಚು ಹಿಗ್ಗಿದರೆ, ಅದೇ ಬಡಿತದಲ್ಲಿ ಅದು ಸ್ವಲ್ಪ ಹೆಚ್ಚು ಜೋರಾಗಿ ಕುಗ್ಗುತ್ತದೆ. ಜರ್ಮನಿಯ ಒಟ್ಟೊ ಫ್ರಾಂಕ್ 1895ರಲ್ಲಿ ಕಪ್ಪೆಯ ಹೃದಯದಲ್ಲಿ, ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್ ಮತ್ತು ಸಂಗಡಿಗರು 1914ರಲ್ಲಿ ನಾಯಿಯ ಹೃದಯದಲ್ಲಿ ಇದನ್ನು ತೋರಿಸಿದರು. ಫ್ರಾಂಕ್-ಸ್ಟಾರ್ಲಿಂಗ್ ನಿಯಮ ಎನ್ನುವುದು ಇದನ್ನೇ. ಎರಡೂ ಭಾಗಗಳನ್ನು ಸರಿತೂಗಿಸುವುದೇ ಇದರ ಮೊದಲ ಕೆಲಸ ಎಂಬುದನ್ನು ಪಾಠದಲ್ಲಿ ಒತ್ತಿ ಹೇಳುವುದು ಕಡಿಮೆ. ನನಗೆ ಅದೇ ಮುಖ್ಯ ಅನ್ನಿಸುತ್ತದೆ.

ಹೃದಯಕ್ಕೆ ಈ ದಾರಿ ಯಾಕೆ ಬೇಕಾಯಿತು? ತೋಳಿನ ಸ್ನಾಯುವಿಗೆ ಬೇರೆ ಅನುಕೂಲ ಇದೆ. ಚೊಂಬು ಎತ್ತಲು ಕೆಲವೇ ಎಳೆಗಳು ಸಾಕು, ಐವತ್ತು ಕೆಜಿ ಮೂಟೆ ಎತ್ತಲು ನರಗಳು ಇನ್ನಷ್ಟು ಎಳೆಗಳನ್ನು ಕೆಲಸಕ್ಕೆ ಕರೆಯುತ್ತವೆ. ಹೃದಯದಲ್ಲಿ ಕೋಶಕ್ಕೆ ಕೋಶ ವಿದ್ಯುತ್ ಸಂಪರ್ಕದಿಂದ ಬೆಸೆದುಕೊಂಡಿದೆ. ಪ್ರತಿ ಬಡಿತಕ್ಕೂ ಎಲ್ಲ ಕೋಶಗಳೂ ದುಡಿಯುತ್ತವೆ, ಹೆಚ್ಚುವರಿ ಆಳುಗಳಿಲ್ಲ. ತೋಳಿನಂತೆ ಬಿಗಿ ಹಿಡಿದು ನಿಲ್ಲುವಂತೆಯೂ ಇಲ್ಲ. ಒಮ್ಮೆ ಮಿಡಿದ ಕೋಶ ಸುಮಾರು ಕಾಲು ಸೆಕೆಂಡು ಇನ್ನೊಂದು ಸಂಕೇತಕ್ಕೆ ಓಗೊಡುವುದಿಲ್ಲ. ಆದ್ದರಿಂದ ಇರುವ ಕೋಶಗಳೇ ಹೆಚ್ಚು ಬಲ ಹಾಕಬೇಕು.

ಕೋಶದೊಳಗೆ ಆಕ್ಟಿನ್ ಮತ್ತು ಮಯೋಸಿನ್ ಎಂಬ ಎಳೆಗಳು ಒಂದರೊಳಗೊಂದು ಜಾರುತ್ತವೆ. ಇವುಗಳ ಒಂದು ಘಟಕಕ್ಕೆ ಸಾರ್ಕೋಮಿಯರ್ ಎಂದು ಹೆಸರು. ಅದರ ಉದ್ದ ಸುಮಾರು 1.8ರಿಂದ 2.2 ಮೈಕ್ರೋಮೀಟರಿಗೆ ಹಿಗ್ಗುತ್ತಾ ಹೋದಂತೆ ಬಲ ಏರುತ್ತದೆ. ಎಳೆಗಳು ಸರಿಯಾಗಿ ಹೊಂದಿಕೊಳ್ಳುವುದು ಒಂದು ಕಾರಣ ಅಷ್ಟೆ. ದೊಡ್ಡ ಕಾರಣ, ಹಿಗ್ಗಿದ ಎಳೆ ಅಷ್ಟೇ ಕ್ಯಾಲ್ಸಿಯಂಗೆ ಹೆಚ್ಚು ಬಲವಾಗಿ ಸ್ಪಂದಿಸುತ್ತದೆ. ಅತಿಯಾಗಿ ಹಿಗ್ಗದಂತೆ ಟೈಟಿನ್ ಎಂಬ ಸ್ಪ್ರಿಂಗಿನಂಥ ಪ್ರೋಟೀನೂ ಸುತ್ತಲಿನ ಕೊಲಾಜನ್ ನಾರೂ ತಡೆಯುತ್ತವೆ.

ಈಗ ಕ್ಯಾಲ್ಸಿಯಂ. ನಮ್ಮ ಬೋರಿನ ನೀರು ಕಾಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಅದರಲ್ಲಿರುವುದು ಬಹುಪಾಲು ಇದರ ಲವಣವೇ. ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್‌ಗೆ ಗುಟ್ಟು ಸಿಕ್ಕಿದ್ದೂ ನೀರಿನಿಂದ. ನಲ್ಲಿ ನೀರಿನ ದ್ರಾವಣದಲ್ಲಿ ಚೆನ್ನಾಗಿ ಬಡಿಯುತ್ತಿದ್ದ ಕಪ್ಪೆಯ ಹೃದಯ, ಬಟ್ಟಿ ಇಳಿಸಿದ ನೀರು ಬಳಸಿದಾಗ ಸೋತು ನಿಂತಿತು. ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಮ್ಮೇ ಹೃದಯವನ್ನು ನಡೆಸುತ್ತಿತ್ತು ಎಂದು 1883ರಲ್ಲಿ ಬರೆದ. ಹಾಗಂತ ಗಡಸು ನೀರು ಕುಡಿದರೆ ಹೃದಯ ಗಟ್ಟಿಯಾಗುವುದಿಲ್ಲ. ರಕ್ತದ ಕ್ಯಾಲ್ಸಿಯಂ ಅನ್ನು ದೇಹ ಡೆಸಿಲೀಟರಿಗೆ ಸುಮಾರು 8.5ರಿಂದ 10.5 ಮಿ.ಗ್ರಾಂ ನಡುವೆಯೇ ಹಿಡಿದಿಡುತ್ತದೆ.

ಬಡಿತ ಬಂದಾಗ ಹೊರಗಿನಿಂದ ಸ್ವಲ್ಪ ಕ್ಯಾಲ್ಸಿಯಂ ಕೋಶದೊಳಗೆ ಬರುತ್ತದೆ. ಅದು ಕೀಲಿ ಇದ್ದಂತೆ. ಒಳಗಿನ ಉಗ್ರಾಣ ತೆರೆದು ಇನ್ನೂ ಹೆಚ್ಚು ಹೊರಬಿಡುತ್ತದೆ. ಮಟ್ಟ ಸುಮಾರು ಹತ್ತು ಪಟ್ಟು ಏರುತ್ತದೆ, ಕ್ಯಾಲ್ಸಿಯಂ ಎಳೆಗಳ ಮೇಲಿರುವ ಟ್ರೋಪೋನಿನ್ ಎಂಬ ಪ್ರೋಟೀನಿಗೆ ಅಂಟುತ್ತದೆ, ಎಳೆಗಳು ಜಾರುತ್ತವೆ. ಆಮೇಲೆ ಬಹುಪಾಲು ಪಂಪಿನ ಮೂಲಕ ಉಗ್ರಾಣಕ್ಕೆ ಮರಳುತ್ತದೆ, ಉಳಿದದ್ದು ಸೋಡಿಯಂಗೆ ಬದಲಾಗಿ ಹೊರಗೆ ಹೋಗುತ್ತದೆ. ವಿಶ್ರಾಂತಿಯಲ್ಲಿ ಎಲ್ಲ ಟ್ರೋಪೋನಿನ್ನೂ ತುಂಬುವುದಿಲ್ಲ. ಹೃದಯದ ಮೀಸಲು ಬಲ ಅಲ್ಲಿದೆ.

ಆ ಮೀಸಲನ್ನು ತೆಗೆಯುವುದು ಅಡ್ರಿನಲಿನ್ ಮತ್ತು ನಾರ್‌ಅಡ್ರಿನಲಿನ್. ಅವು ಒಳಬರುವ ಕ್ಯಾಲ್ಸಿಯಂ ಹೆಚ್ಚಿಸುತ್ತವೆ, ಉಗ್ರಾಣದ ಪಂಪಿನ ವೇಗವನ್ನೂ ಹೆಚ್ಚಿಸುತ್ತವೆ. ಹೀಗಾಗಿ ಹೃದಯ ಜೋರಾಗಿ ಕುಗ್ಗುವುದಷ್ಟೇ ಅಲ್ಲ, ಬೇಗ ಸಡಿಲವೂ ಆಗುತ್ತದೆ. ಸಡಿಲವಾಗದಿದ್ದರೆ ಮುಂದಿನ ಬಡಿತಕ್ಕೆ ರಕ್ತ ತುಂಬುವುದೆಲ್ಲಿಂದ?

ಅಂಜನಾದ್ರಿಯ 575 ಮೆಟ್ಟಿಲು ಹತ್ತುವಾಗ ಎರಡೂ ದಾರಿ ಒಟ್ಟಿಗೆ ಕೆಲಸ ಮಾಡುತ್ತವೆ. ಮೀನಖಂಡ ಹಿಂಡಿದಂತೆಲ್ಲ ಕಾಲಿನ ರಕ್ತ ಮೇಲಕ್ಕೆ ಬರುತ್ತದೆ, ಜೊತೆಗೆ ಅಡ್ರಿನಲಿನ್. ತುದಿ ಮುಟ್ಟಿ ಗಕ್ಕನೆ ನಿಂತರೆ ಆ ಹಿಂಡುವಿಕೆ ನಿಲ್ಲುತ್ತದೆ, ರಕ್ತ ಕಾಲಲ್ಲೇ ಉಳಿದು ತಲೆ ತಿರುಗುತ್ತದೆ. ಎರಡು ಮೂರು ನಿಮಿಷ ನಿಧಾನವಾಗಿ ಅಡ್ಡಾಡಿ. ಏಪ್ರಿಲ್-ಮೇ ಬಿಸಿಲಲ್ಲಿ ಬೆವರು ಹರಿದು ಒಳಹರಿವೇ ಕುಗ್ಗಿರುತ್ತದೆ. ಹಿಗ್ಗದ ಹೃದಯ ಕಡಿಮೆ ತಳ್ಳುತ್ತದೆ, ಬಡಿತ ಹೆಚ್ಚಿಸಿ ಸರಿದೂಗಿಸುತ್ತದೆ. ಹತ್ತುವ ಮೊದಲೇ ನೀರೋ ಮಜ್ಜಿಗೆಯೋ ಕುಡಿದಿರಬೇಕು. ಮಾರುಕಟ್ಟೆಯಲ್ಲಿ ಮೂಟೆ ಎತ್ತುವ ಹಮಾಲರು ಉಸಿರು ಬಿಗಿಹಿಡಿದರೆ ಎದೆಯೊಳಗಿನ ಒತ್ತಡ ಏರಿ ಹೃದಯಕ್ಕೆ ಬರುವ ರಕ್ತ ತಡೆಯುತ್ತದೆ, ಕಣ್ಣು ಕತ್ತಲೆ ಬರುವುದು ಅದಕ್ಕೇ. ಎತ್ತುವಾಗ ಉಸಿರು ಬಿಡುತ್ತಾ ಎತ್ತಬೇಕು.

ರಸ್ತೆ ಬದಿಯಲ್ಲಿ, ಗುಡಿಯಂಗಳದಲ್ಲಿ ಬೆಳೆಯುವ ಕಣಗಿಲೆಗೂ ಈ ಕ್ಯಾಲ್ಸಿಯಂಗೂ ನಂಟಿದೆ. ಅದರ ವಿಷ, ಹೃದಯಕ್ಕೆ ಕೊಡುವ ಡಿಜಾಕ್ಸಿನ್ ಮಾತ್ರೆಯ ಬಳಗದ್ದು. ಕೋಶದಿಂದ ಸೋಡಿಯಂ ಹೊರಹಾಕುವ ಪಂಪನ್ನು ತಡೆಯುತ್ತದೆ, ಸೋಡಿಯಂ ಒಳಗೇ ಉಳಿದರೆ ಕ್ಯಾಲ್ಸಿಯಮ್ಮೂ ಉಳಿಯುತ್ತದೆ, ಬಲ ಏರುತ್ತದೆ. ಮದ್ದಿಗೂ ವಿಷಕ್ಕೂ ಅಂತರ ಬಹಳ ಕಡಿಮೆ; ಮೀರಿದರೆ ಬಡಿತದ ಲಯವೇ ಕೆಡುತ್ತದೆ. ಮಗು ಕಣಗಿಲೆ ಬಾಯಿಗೆ ಹಾಕಿಕೊಂಡರೆ ಮನೆಮದ್ದು ಮಾಡುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಹೃದಯ ವೈಫಲ್ಯದಲ್ಲಿ ಕೆಡುವುದು ಇದೇ ಲೆಕ್ಕ. ಎಷ್ಟು ಹಿಗ್ಗಿದರೂ ಬಲ ಅಷ್ಟಾಗಿ ಏರುವುದಿಲ್ಲ, ಉಗ್ರಾಣದಲ್ಲಿ ಕ್ಯಾಲ್ಸಿಯಮ್ಮೂ ಸಾಲದು. ಹೊರಹರಿವು ಏರದೆ ನೀರು ಹಿಂದಕ್ಕೆ, ಶ್ವಾಸಕೋಶಕ್ಕೆ ಒತ್ತುತ್ತದೆ. ಮಲಗಿದರೆ ಕಾಲಿನ ರಕ್ತವೂ ಎದೆಗೆ ಬಂದು ಉಸಿರು ಕಟ್ಟುತ್ತದೆ, ಒಂದು ದಿಂಬಿನ ಜಾಗದಲ್ಲಿ ಎರಡು, ಮೂರು ಬೇಕಾಗುತ್ತವೆ. ಸೋತ ಹೃದಯವನ್ನು ಅಡ್ರಿನಲಿನ್ ಹಗಲೂ ರಾತ್ರಿ ಹೊಡೆದೆಬ್ಬಿಸುತ್ತಿರುತ್ತದೆ. ಅದಕ್ಕೇ ಅಡ್ರಿನಲಿನ್ನಿನ ಹೊಡೆತ ತಡೆಯುವ ಬೀಟಾ ಬ್ಲಾಕರ್ ಎಂಬ ಮಾತ್ರೆ ಕೊಡುತ್ತಾರೆ, ಕಾರ್ವೆಡಿಲಾಲ್ ಆದರೆ 3.125 ಮಿ.ಗ್ರಾಂನಷ್ಟು ಸಣ್ಣ ಪ್ರಮಾಣದಿಂದ ಶುರುಮಾಡಿ ಎರಡು ವಾರಕ್ಕೊಮ್ಮೆ ಏರಿಸುತ್ತಾರೆ. ಆರಾಮ ಅನ್ನಿಸಿತೆಂದು ತಾವೇ ನಿಲ್ಲಿಸಬಾರದು.

ಇಂಥವರಿಗೆ ಉಪ್ಪು ಹೆಚ್ಚಾದರೆ ಮೈಯಲ್ಲಿ ನೀರು ನಿಲ್ಲುತ್ತದೆ, ಒಳಹರಿವು ಏರುತ್ತದೆ. ರೊಟ್ಟಿ ಜೊತೆಗಿನ ಉಪ್ಪಿನಕಾಯಿ, ಹಪ್ಪಳ, ಅಂಗಡಿಯ ಖಾರ ತಿಂಡಿ ಎಲ್ಲವೂ ಈ ಲೆಕ್ಕಕ್ಕೆ ಸೇರಬೇಕು. ತೂಕದ ಯಂತ್ರ ಮನೆಯಲ್ಲಿರಲಿ: ಬೆಳಗ್ಗೆ ಮೂತ್ರ ವಿಸರ್ಜನೆ ಆದ ಮೇಲೆ, ಚಹಾ ಕುಡಿಯುವ ಮೊದಲು, ಒಂದೇ ಬಗೆಯ ಬಟ್ಟೆಯಲ್ಲಿ ನಿಂತು ನೋಡಿ ಬರೆದಿಡಿ. ಮೂರು ದಿನದಲ್ಲಿ 2 ಕೆಜಿ ಏರಿದರೆ ಅದು ಕೊಬ್ಬಲ್ಲ, ನೀರು. ಉಸಿರು ಕಟ್ಟುವ ತನಕ ಕಾಯದೆ ಅವತ್ತೇ ಡಾಕ್ಟರಿಗೆ ಹೇಳಿ.