ಏಳು ಫ್ಯಾನ್, ಏಳೂ ಹೊರಕ್ಕೇ

ಐಟಿ ಸಪೋರ್ಟಿಗೆ ಬಂದ ದೂರಿನ ಟಿಕೆಟ್‌ನಲ್ಲಿ ಇದ್ದದ್ದು ಒಂದೇ ಸಾಲು: ‘ರೆಂಡರ್ ಹಾಕಿದ್ರೆ ಪಿಸಿ ಆಫ್ ಆಗುತ್ತೆ, ಅರ್ಜೆಂಟ್.’ ನಮ್ಮಲ್ಲಿ ಎಲ್ಲ ಟಿಕೆಟ್ಟೂ ಅರ್ಜೆಂಟೇ. ಹಾಗಾಗಿ ಆ ಪದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಎಡಿಟಿಂಗ್ ಟೀಮಿನ ಹೊಸ ಮೆಷಿನ್ ಅದು. ರೆಂಡರ್ ಅಂದರೆ ಎಡಿಟ್ ಆದ ವಿಡಿಯೋವನ್ನು ಅಂತಿಮ ಫೈಲ್ ಮಾಡುವ ಕೆಲಸ. ಮುಂದೆ ಗಾಜು, ಪಕ್ಕದಲ್ಲಿ ಗಾಜು, ಬಣ್ಣಬಣ್ಣದ ಲೈಟಿನ ಏಳು ಫ್ಯಾನ್. ಕ್ಯಾಬಿನೆಟ್ ಒಳಗೆ ಎರಡು ಕೋಣೆ. ಗಾಜಿನ ಕಡೆ ಮದರ್‌ಬೋರ್ಡ್, ಗ್ರಾಫಿಕ್ಸ್ ಕಾರ್ಡ್. ಅದರ ಬೆನ್ನಿಗೆ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಪೂರೈಸುವ ಪೆಟ್ಟಿಗೆ) ಮತ್ತು ಕೇಬಲ್ಲುಗಳ ರಾಶಿ. ನೋಡಲು ಚೆಂದ, ಒಪ್ಪೋಣ. ಆರಿಸಿದ್ದು ಮ್ಯಾನೇಜ್‌ಮೆಂಟ್, ಜೋಡಿಸಿದ್ದು ವೆಂಡರ್, ಬೈಸಿಕೊಳ್ಳೋದು ಮಾತ್ರ ಸಪೋರ್ಟಿನವರು.

ವಿಂಡೋಸ್ ತನ್ನ ದೋಷಗಳನ್ನು ಬರೆದಿಡುವ ಇವೆಂಟ್ ವ್ಯೂವರ್ ತೆಗೆದರೆ ಕರ್ನಲ್-ಪವರ್ 41. ‘ಸರಿಯಾಗಿ ಶಟ್‌ಡೌನ್ ಆಗದೆ ರೀಸ್ಟಾರ್ಟ್ ಆಗಿದೆ’ ಅಂತ ಅದರ ಅರ್ಥ. ಅಷ್ಟು ನಮಗೂ ಗೊತ್ತಿತ್ತಪ್ಪಾ. ಸೆನ್ಸರ್ ಲಾಗ್‌ನಲ್ಲಿ ಪ್ರೊಸೆಸರ್ 86 ಡಿಗ್ರಿ, ಗ್ರಾಫಿಕ್ಸ್ ಕಾರ್ಡ್ 81. ಆ ಪ್ರೊಸೆಸರ್ ತಾನಾಗಿ ವೇಗ ಇಳಿಸಲು ಶುರು ಮಾಡೋದೇ 100ಕ್ಕೆ. ಹಾಗಾದರೆ ಬಿಸಿಯ ಸಮಸ್ಯೆ ಅಲ್ಲ ಅಂತ ತೀರ್ಮಾನವಾಯಿತು. ರ‍್ಯಾಮ್ ಟೆಸ್ಟ್, ಡ್ರೈವರ್, ಬಯಾಸ್ ಅಪ್‌ಡೇಟ್ ಎಲ್ಲ ಆಯಿತು. ವೆಂಡರ್ ಕಡೆಯಿಂದ ಎಸ್‌ಎಂಪಿಎಸ್ ಕೂಡ ಬದಲಾಯಿತು. ಹೊಸದೂ ಅದೇ ಆಟ ಆಡಿತು.

ಡೆಲಿವರಿ ದಿನ ಸಂಜೆ ಮತ್ತೆ ರೆಂಡರ್ ಹಾಕಿದರು. ನನ್ನ ಹಿಂದೆ ಎಡಿಟರ್ ಮೇಡಂ, ಅವರ ಹಿಂದೆ ಪ್ರಾಜೆಕ್ಟ್ ಮ್ಯಾನೇಜರ್. ಯಾವುದಕ್ಕೂ ಇರಲಿ ಅಂತ ಅಷ್ಟೂ ಫ್ಯಾನಿಗೆ ಫುಲ್ ಸ್ಪೀಡ್ ಕೊಟ್ಟೆ. ಮಿಕ್ಸಿ ಹಾಕಿದ ಹಾಗೆ ಸದ್ದು ಬಂತು. ತಾಪಮಾನ ಇಳಿದಿದ್ದು ಎರಡೋ ಮೂರೋ ಡಿಗ್ರಿ. ಏಳು ಫ್ಯಾನ್ ಪೂರ್ತಿ ತಿರುಗಿದರೂ ಇಷ್ಟೇನಾ? ಅನುಮಾನ ಬರಬೇಕಾಗಿದ್ದು ಅಲ್ಲೇ. ಆದರೆ ಮೂರು ಜೊತೆ ಕಣ್ಣು ಪ್ರೋಗ್ರೆಸ್ ಬಾರ್ ಮೇಲಿದ್ದವು. ಎಪ್ಪತ್ತು, ಎಪ್ಪತ್ತೈದು, ಎಂಬತ್ತು. ಎಂಬತ್ತು ದಾಟುತ್ತಲೇ ಟಪ್ ಅಂತ ಎಲ್ಲ ಕತ್ತಲು.

‘ಆನ್ ಮಾಡ್ರೀ ಬೇಗ’ ಅಂದರು ಮ್ಯಾನೇಜರ್. ಬಟನ್ ಒತ್ತಿದೆ, ಏನೂ ಇಲ್ಲ. ಹಿಂದಿನ ಸ್ವಿಚ್ ಆಫ್ ಮಾಡಿ ಆನ್ ಮಾಡಿದೆ. ಊಹುಂ. ‘ಸರ್, ಇದು ಯಾವಾಗಲೂ ಹಿಂಗೇ. ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಸರಿ ಹೋಗುತ್ತೆ’ ಅಂದರು ಮೇಡಂ, ತೀರಾ ಮಾಮೂಲಿ ವಿಷಯದಂತೆ. ಟಿಕೆಟ್‌ನಲ್ಲಿ ಈ ಒಂದು ಮಾತು ಬರೆದಿದ್ದರೆ! ಕೇಳದಿದ್ದದ್ದು ನಾವೇ ಅನ್ನಿ.

ಕೆಟ್ಟುಹೋದ ಎಸ್‌ಎಂಪಿಎಸ್ ಸ್ವಲ್ಪ ಹೊತ್ತು ಬಿಟ್ಟ ಮಾತ್ರಕ್ಕೆ ಸರಿಯಾಗೋದಿಲ್ಲ. ಬಿಸಿಯಾದ ಎಸ್‌ಎಂಪಿಎಸ್ ಸರಿಯಾಗುತ್ತೆ. ಬಹಳಷ್ಟು ಎಸ್‌ಎಂಪಿಎಸ್‌ಗಳಲ್ಲಿ ಮಿತಿ ಮೀರಿ ಬಿಸಿಯಾದರೆ ತಾನಾಗಿ ಆಫ್ ಆಗುವ ರಕ್ಷಣೆ ಇರುತ್ತೆ, ತಣ್ಣಗಾಗುವವರೆಗೆ ಮತ್ತೆ ಆನ್ ಆಗೋದಿಲ್ಲ. ಆದರೆ ಅದರ ತಾಪಮಾನ ನಾವು ನೋಡುತ್ತಿದ್ದ ಲಾಗ್‌ನಲ್ಲಿ ಬರುತ್ತಲೇ ಇರಲಿಲ್ಲ. ಹಿಂಬದಿಯ ತಗಡಿನ ಮೇಲೆ ಅಂಗೈ ಇಟ್ಟೆ, ತಕ್ಷಣ ತೆಗೆದೆ. ಅಷ್ಟು ಬಿಸಿ.

ವಾರಂಟಿ ಸೀಲ್ ಇದ್ದದ್ದು ಅದೇ ತಗಡಿನ ಮೇಲೆ. ‘ಸೀಲ್ ಹೋದರೆ ವೆಂಡರ್ ಒಪ್ಪಲ್ಲ’ ಅಂತ ಮ್ಯಾನೇಜರ್ ಗೊಣಗುತ್ತಿದ್ದರು, ನಾನು ಸ್ಕ್ರೂ ಬಿಚ್ಚುತ್ತಿದ್ದೆ. ತಗಡು ತೆಗೆದಿಟ್ಟು ಮತ್ತೆ ರೆಂಡರ್ ಹಾಕಿದೆವು. ಈ ಸಲ ಮುಗಿಯಿತು.

ಅಷ್ಟರೊಳಗೆ ಒಂದು ಟಿಶ್ಯೂ ಪೇಪರ್ ಸೀಳಿ ಒಂದೊಂದೇ ಫ್ಯಾನಿನ ಹೊರಗಡೆ ಹಿಡಿದು ನೋಡಿದೆ. ಗಾಳಿ ಒಳಗೆ ಹೋಗುತ್ತಿದ್ದರೆ ಪೇಪರ್ ಜಾಲರಿಗೆ ಅಂಟಿಕೊಳ್ಳಬೇಕು. ಮೇಲಿನ ಮೂರರಲ್ಲಿ ಹಾರಿತು, ಸರಿ, ಅವು ಹೊರಹಾಕಲೆಂದೇ ಇರುವುದು. ಹಿಂದಿನದರಲ್ಲೂ ಹಾರಿತು, ಅದೂ ಸರಿ. ಪಕ್ಕದ, ಅಂದರೆ ಎರಡು ಕೋಣೆಗಳ ನಡುವಿನ ಮೂರರಲ್ಲೂ ಹಾರಿತು! ತಣ್ಣನೆ ಗಾಳಿ ಒಳಗೆ ತರಬೇಕಾದವು ಇವೇ. ಇವು ಗ್ರಾಫಿಕ್ಸ್ ಕಾರ್ಡಿನ ಬಿಸಿಗಾಳಿಯನ್ನು ನೇರ ಎಸ್‌ಎಂಪಿಎಸ್ ಕೋಣೆಗೆ ತಳ್ಳುತ್ತಿದ್ದವು. ಸ್ಪೀಡ್ ಏರಿಸಿ ನಾನು ಅಲ್ಲಿಗೆ ಇನ್ನಷ್ಟು ಬಿಸಿಗಾಳಿ ತುಂಬಿದ್ದೆ, ಅಷ್ಟೇ. ಒಳಗೆ ಬರುವ ಗಾಳಿ ತಳದ ಜಾಲರಿ, ಸ್ಲಾಟಿನ ಸಂದುಗಳಿಂದ ನುಸುಳಿ ಬರಬೇಕಿತ್ತು. ಹೊಸ ಮೆಷಿನ್ನಿನ ಸಂದುಗಳಲ್ಲಿ ಅಷ್ಟು ಧೂಳು ಯಾಕೆ ಅನ್ನೋದೂ ಆಗ ಗೊತ್ತಾಯಿತು.

ಹೀಗೆ ಕೂರಿಸಿದ್ದು ಯಾಕೆ ಅಂದರೆ, ಚೆಂದಕ್ಕೆ. ಫ್ಯಾನಿನ ಎರಡು ಮುಖದಲ್ಲಿ ಅಡ್ಡಕಡ್ಡಿ, ಸ್ಟಿಕ್ಕರ್ ಇರುವ ಕಡೆಯಿಂದ ಗಾಳಿ ಹೊರಬೀಳುತ್ತೆ. ಬ್ಲೇಡ್ ಮಾತ್ರ ಕಾಣುವ ಕಡೆಯಿಂದ ಎಳೆದುಕೊಳ್ಳುತ್ತೆ. ಪಕ್ಕದ ಫ್ಯಾನ್ ಗಾಳಿ ಒಳಗೆ ತರಬೇಕಾದರೆ ಅಡ್ಡಕಡ್ಡಿಯ ಮುಖ ಗಾಜಿನ ಕಡೆ ಬರುತ್ತೆ, ಕಣ್ಣಿಗೆ ಹಿತವಲ್ಲ. ಅದಕ್ಕೆ ತಿರುಗಿಸಿ ಕೂರಿಸಿಬಿಟ್ಟಿದ್ದರು. ಈ ತೊಂದರೆಗೇ ಅಂತ, ಬ್ಲೇಡ್ ಕಾಣುವ ಮುಖದಿಂದಲೇ ಗಾಳಿ ಹೊರಬಿಡುವ ರಿವರ್ಸ್ ಬ್ಲೇಡ್ ಫ್ಯಾನ್ ಸಿಗುತ್ತೆ. ಅದನ್ನು ಹಾಕುವ ಬುದ್ಧಿ ಯಾರಿಗೂ ಬರಲಿಲ್ಲ.

ಮೂರನ್ನೂ ಬಿಚ್ಚಿ ತಿರುಗಿಸಿ ಹಾಕಿದೆ. ಮೇಲಿನ ಮೂರರಲ್ಲಿ ಗಾಜಿನ ಹತ್ತಿರದ್ದನ್ನು ತೆಗೆದೇ ಬಿಟ್ಟೆ. ಒಳಬಂದ ತಣ್ಣನೆ ಗಾಳಿ ಪ್ರೊಸೆಸರ್ ಕೂಲರ್ ಮುಟ್ಟುವ ಮೊದಲೇ ಅದು ಎಳೆದು ಹೊರಹಾಕುತ್ತಿತ್ತು. ಹೀಗೆ ಒಳಕ್ಕೆ ಮೂರು, ಹೊರಕ್ಕೆ ಮೂರು. ಒಂದು ಫ್ಯಾನ್ ಕಮ್ಮಿಯಾಗಿ, ಸ್ಪೀಡ್ ಅರ್ಧಕ್ಕೆ ಇಳಿಸಿದರೂ ಪ್ರೊಸೆಸರ್ 80ರ ಕೆಳಗೇ ಉಳಿಯಿತು. ಎಸ್‌ಎಂಪಿಎಸ್ ಕಡೆಯ ತಗಡಿನ ಮೇಲೆ ಕೈ ಇಟ್ಟುಕೊಂಡೇ ಇರಬಹುದಿತ್ತು.

ಈಗ ಯಾವ ಹೊಸ ಮೆಷಿನ್ ಬಂದರೂ ಅಸೆಟ್ ಟ್ಯಾಗ್ ಅಂಟಿಸುವ ಮೊದಲು ಟಿಶ್ಯೂ ಹಿಡಿದು ನೋಡುತ್ತೇನೆ. ‘ಆಫ್ ಆದ ಮೇಲೆ ಎಷ್ಟು ಹೊತ್ತಿಗೆ ಆನ್ ಆಗುತ್ತೆ?’ ಅನ್ನೋ ಪ್ರಶ್ನೆಯನ್ನು ಟಿಕೆಟ್ ಫಾರ್ಮ್‌ಗೆ ಸೇರಿಸಿ ಅಂತ ಮೇಲ್ ಹಾಕಿದ್ದೇನೆ, ಉತ್ತರ ಬಂದಿಲ್ಲ. ಮ್ಯಾನೇಜರ್ ಅವರಿಂದ ಮಾತ್ರ ಮರುದಿನವೇ ಮೇಲ್ ಬಂತು: ‘ಕ್ಲೈಂಟ್ ವಿಸಿಟ್ ಇದೆ. ಗಾಜಿನಲ್ಲಿ ಫ್ಯಾನಿನ ಹಿಂಭಾಗ ಕಾಣುತ್ತಿದೆ, ಮೊದಲಿನ ಹಾಗೆ ಮಾಡಲು ಆಗುತ್ತಾ?’